ಸಿಸೇರಿಯನ್ ಹೆರಿಗೆ: ಸರಾಸರಿ ಹೇಳದ ಮಾತು

ಸರ್ಕಾರಿ ಸೇವೆಯಿಂದ ನಿವೃತ್ತನಾದವನನ್ನು ಒಂದು ಅಭ್ಯಾಸ ಮಾತ್ರ ಬಿಡುವುದಿಲ್ಲ. ಯಾವ ಸಂಗತಿ ಕಿವಿಗೆ ಬಿದ್ದರೂ ಅದರ ಶೇಕಡಾವಾರು ಎಷ್ಟು, ಹತ್ತು ವರ್ಷಗಳ ಹಿಂದೆ ಎಷ್ಟಿತ್ತು, ವೆಚ್ಚ ಭರಿಸುವವರು ಯಾರು ಎಂದು ಮನಸ್ಸು ತಾನಾಗಿಯೇ ಲೆಕ್ಕಕ್ಕೆ ತೊಡಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳು ಬೆಳಗಾವಿಯ ಪ್ರಸೂತಿ ತಜ್ಞೆಯನ್ನು ಕಂಡು ಮರಳಿ, ‘ಸಿಸೇರಿಯನ್ ಮಾಡೂದು ಛಲೋ ಅಂದಾರ್ರೀ ಅಪ್ಪಾ, ತಾರೀಖೂ ಹೇಳ್ಯಾರ’ ಎಂದಾಗ ನನಗಾದದ್ದೂ ಅದೇ. ಮಗಳ ಮುಖವನ್ನು ನೋಡುವ ಮೊದಲು ನಾನು ಅಂಕಿಅಂಶಗಳನ್ನು ನೋಡಿದೆ.

ಅಂಕಿಅಂಶಗಳು ನೆಮ್ಮದಿ ಕೊಡುವಂಥವಾಗಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ 8.5ರಷ್ಟು ಮಾತ್ರ ಸಿಸೇರಿಯನ್ ಆಗಿದ್ದವು. 2015–16ರಲ್ಲಿ ಅದು ಶೇ 17.2ಕ್ಕೆ, 2019–21ರಲ್ಲಿ ಶೇ 21.5ಕ್ಕೆ ಏರಿತು. ಕರ್ನಾಟಕದ ಪ್ರಮಾಣ ಶೇ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ತೊಡಕಿನ ಹೆರಿಗೆಗಳನ್ನು ಖಾಸಗಿಯವರೇ ಹೆಚ್ಚು ನೋಡುತ್ತಾರೆ ಎಂದು ವಾದಕ್ಕೆ ಒಪ್ಪಿಕೊಂಡರೂ ಇಷ್ಟು ದೊಡ್ಡ ಅಂತರಕ್ಕೆ ಅದು ಸಮಾಧಾನವಾಗದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಕೆನೆತ್ ಆರೋ 1963ರಲ್ಲಿ ಬರೆದ ಪ್ರಬಂಧದ ಪರಿಚಯವಾಗಿತ್ತು. ವೈದ್ಯನಿಗೆ ಗೊತ್ತಿರುವುದು ರೋಗಿಗೆ ಗೊತ್ತಿರುವುದಿಲ್ಲ. ಆದ್ದರಿಂದ ವೈದ್ಯಕೀಯ ಸೇವೆ ಎಂಬುದು ಸಂತೆಯಲ್ಲಿ ಜೋಳ ಕೊಂಡಂತೆ ಅಲ್ಲ ಎಂಬುದು ಅದರ ತಿರುಳು. ಸೇವೆ ಮಾರುವವನೇ ಬೇಡಿಕೆಯನ್ನೂ ಹುಟ್ಟಿಸಬಲ್ಲ.

ಹಾಗಾಗಿ ‘ಇದು ವೈದ್ಯರ ನಿರ್ಧಾರವೋ, ವ್ಯಾಪಾರದ ನಿರ್ಧಾರವೋ?’ ಎಂದು ಕೇಳಿಯೇಬಿಟ್ಟೆ. ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಮಗಳು ಸಿಟ್ಟಾಗಲಿಲ್ಲ. ‘ಕಡತದ ಮ್ಯಾಲೆ ಟಿಪ್ಪಣಿ ಬರದಂಗ ಮಾತಾಡಬ್ಯಾಡ್ರಿ ಅಪ್ಪಾ. ನಾಳೆ ನೀವೂ ಬರ್ರಿ, ನೀವ ಕೇಳ್ರಿ’ ಎಂದಳು.

ಮರುದಿನ ಆ ವೈದ್ಯೆ ಸ್ಕ್ಯಾನಿಂಗ್ ಚಿತ್ರವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ನಮ್ಮೊಡನೆ ಕುಳಿತರು. ಮೂವತ್ತಾರು ವಾರ ತುಂಬಿದ್ದರೂ ಮಗುವಿನ ತಲೆ ಮೇಲಿತ್ತು, ಪೃಷ್ಠಭಾಗ ಕೆಳಗಿತ್ತು. ಹೊಟ್ಟೆಯ ಮೇಲಿನಿಂದಲೇ ಕೈಯಿಂದ ಒತ್ತಿ ಮಗುವನ್ನು ತಿರುಗಿಸುವ ಪ್ರಯತ್ನವನ್ನು ಅವರು ಮಾಡಿದ್ದರು, ಅದು ಫಲಿಸಿರಲಿಲ್ಲ. ಇಂಥ ಗರ್ಭಿಣಿಯರ ಬಗ್ಗೆ 26 ದೇಶಗಳ 2,088 ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದು 2000ನೇ ಇಸವಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮೊದಲೇ ನಿಗದಿಪಡಿಸಿ ಸಿಸೇರಿಯನ್ ಮಾಡಿದವರಲ್ಲಿ ಶಿಶುಮರಣ ಅಥವಾ ಶಿಶುವಿಗೆ ಗಂಭೀರ ತೊಂದರೆ ಶೇ 1.6ರಷ್ಟಿದ್ದರೆ, ಸಹಜ ಹೆರಿಗೆಗೆ ಕಾದವರಲ್ಲಿ ಅದು ಶೇ 5ರಷ್ಟಿತ್ತು. ಆ ಅಧ್ಯಯನಕ್ಕೆ ಬಂದ ಆಕ್ಷೇಪಗಳನ್ನೂ ವೈದ್ಯೆ ಮುಚ್ಚಿಡಲಿಲ್ಲ. ಎರಡು ವರ್ಷಗಳ ನಂತರ ಮಕ್ಕಳನ್ನು ಪುನಃ ಪರೀಕ್ಷಿಸಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಂಡಿರಲಿಲ್ಲ; ಕೈಪಳಗಿದ ವೈದ್ಯರಿದ್ದರೆ ಇಂಥ ಮಗುವನ್ನು ಸಹಜವಾಗಿಯೂ ಹೆರಿಗೆ ಮಾಡಿಸಬಹುದು ಎಂದರು. ‘ಆದರೆ ಆ ಕೈ ನಡುರಾತ್ರಿಯೂ ಸಿದ್ಧವಿರಬೇಕು. ನಮ್ಮಲ್ಲಿ ಆ ಭರವಸೆಯನ್ನು ನಾನು ಕೊಡಲಾರೆ. ನಿರ್ಧಾರ ನಿಮ್ಮ ಮಗಳದು’ ಎಂಬುದು ಅವರ ಕೊನೆಯ ಮಾತು. ಮಗಳು ಆಗಲೇ ನಿರ್ಧರಿಸಿದ್ದಳು. ನಾನು ಕೇಳಬೇಕೆಂದು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳ ಚೀಟಿ ಜೇಬಿನಲ್ಲೇ ಉಳಿಯಿತು.

ನನ್ನೂರು ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿ. ಬೆಳಗಾವಿ–ಧಾರವಾಡ ಹೆದ್ದಾರಿಯಲ್ಲಿ ಹೋಗುವವರಿಗೆ ನದಿಯಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪದಿಂದಲೋ, ಸಕ್ಕರೆ ಕಾರ್ಖಾನೆಯಿಂದಲೋ ಊರಿನ ಪರಿಚಯವಿರುತ್ತದೆ. ನಾವು ಆಸ್ಪತ್ರೆಯಿಂದ ಮನೆಗೆ ಬಂದಾಗ ಎಂಬತ್ತಾರು ವರ್ಷದ ನನ್ನ ಚಿಗವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಕೂಸು ಅಡ್ಡ ಐತೇನೋ ತಮ್ಮಾ?’

ಆ ಪ್ರಶ್ನೆಯ ಹಿಂದೆ 1968ರ ಒಂದು ರಾತ್ರಿ ಇದೆ. ನನಗಾಗ ಒಂಬತ್ತು ವರ್ಷ. ಹತ್ತೊಂಬತ್ತರ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ಇದೇ ಮನೆಗೆ ಬಂದಿದ್ದಳು. ಎರಡು ದಿನ ಬೇನೆ ತಿಂದಳು. ಮಗು ಅಡ್ಡ ಮಲಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ ಮೇಲೆ ಅಪ್ಪ ಹೆದ್ದಾರಿಗೆ ಓಡಿ ಬೆಳಗಾವಿ ಕಡೆಗೆ ಹೊರಟಿದ್ದ ಲಾರಿಯೊಂದನ್ನು ನಿಲ್ಲಿಸಿದ. ಬೆಳಗಾವಿ ಇಲ್ಲಿಂದ ಸುಮಾರು ಮೂವತ್ತು ಕಿಲೊಮೀಟರ್. ಅಕ್ಕ ಅಷ್ಟು ದೂರ ಬದುಕಲಿಲ್ಲ. ಲಾರಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವಳು ಈ ಚಿಗವ್ವ. ಐವತ್ತನಾಲ್ಕು ವರ್ಷ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಮಗು ಅಡ್ಡ ಇಲ್ಲ, ಕಾಲು ಕೆಳಗಾಗಿದೆ, ದಿನ ಗೊತ್ತು ಮಾಡಿ ಹೊಟ್ಟೆ ಕೊಯ್ದು ತೆಗೆಯುತ್ತಾರೆ ಎಂದು ಮಗಳು ತಿಳಿಸಿ ಹೇಳಿದಾಗ, ‘ಹಂಗಾರ ಮೊದಲ ತಿಳಿದೈತಿ’ ಎಂದು ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

‘ಮೊದಲೇ ತಿಳಿದಿದೆ’ ಎಂಬ ಈ ಮಾತೇ ನನ್ನ ಅಂಕಿಗಳಲ್ಲಿ ಇರದಿದ್ದುದು. ಶೇ 31.5 ಎಂಬ ಸಂಖ್ಯೆಯಲ್ಲಿ ಅನಗತ್ಯವಾಗಿ ಕೊಯ್ದ ಹೊಟ್ಟೆಗಳೂ ಇವೆ, ಕೊಯ್ಯದಿದ್ದರೆ ಇಂದು ಇರದಿದ್ದ ತಾಯಂದಿರೂ ಇದ್ದಾರೆ. ಸರಾಸರಿ ಇವೆರಡನ್ನೂ ಒಂದೇ ಮೊರಕ್ಕೆ ಹಾಕುತ್ತದೆ. ಸಿಸೇರಿಯನ್ ಪ್ರಮಾಣ ಶೇ 10ರಿಂದ 15ರ ನಡುವೆ ಇರಬೇಕು ಎಂಬ ಮಾತು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದದ್ದು 1985ರಲ್ಲಿ. 2015ರಲ್ಲಿ ಅದೇ ಸಂಸ್ಥೆ ತನ್ನ ನಿಲುವನ್ನು ತಿದ್ದಿ ಹೇಳಿತು: ಪ್ರಮಾಣ ಶೇ 10ನ್ನು ಮೀರಿದ ಮೇಲೆ ತಾಯಿ–ಶಿಶು ಮರಣ ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲ, ನಿಜ; ಆದರೆ ಒಂದು ನಿರ್ದಿಷ್ಟ ಸಂಖ್ಯೆಯನ್ನು ಮುಟ್ಟುವುದಕ್ಕಿಂತ ಅಗತ್ಯವಿರುವ ಪ್ರತಿಯೊಬ್ಬ ಮಹಿಳೆಗೂ ಶಸ್ತ್ರಚಿಕಿತ್ಸೆ ದೊರೆಯುವುದು ಮುಖ್ಯ. ಅದರ ಜೊತೆಗೇ, ಪ್ರತಿ ಆಸ್ಪತ್ರೆಯೂ ಹೆರಿಗೆಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ ಯಾವ ಗುಂಪಿನಲ್ಲಿ ಎಷ್ಟು ಸಿಸೇರಿಯನ್ ಆಯಿತೆಂದು ನೋಡಬೇಕೆಂದು ಶಿಫಾರಸು ಮಾಡಿತು. ರಾಬ್ಸನ್ ವರ್ಗೀಕರಣ ಎಂದು ಅದಕ್ಕೆ ಹೆಸರು. ಚೊಚ್ಚಲ ಬಸುರಿ, ಮಗುವಿನ ತಲೆ ಮೇಲೆ ಇರುವುದು ಆರನೆಯ ಗುಂಪು. ನನ್ನ ಮಗಳು ಅಲ್ಲಿಗೆ ಸೇರಿದವಳು.

ಅಕ್ಕನ ಕಾಲಕ್ಕೂ ಈ ಶಸ್ತ್ರಚಿಕಿತ್ಸೆ ಹೊಸದಾಗಿರಲಿಲ್ಲ. ಗರ್ಭಕೋಶವನ್ನು ಕೊಯ್ದ ಮೇಲೆ ಅದಕ್ಕೂ ಹೊಲಿಗೆ ಹಾಕಬೇಕೆಂದು ಜರ್ಮನಿಯ ಮಾಕ್ಸ್ ಸೆಂಗರ್ ತೋರಿಸಿಕೊಟ್ಟದ್ದು 1882ರಲ್ಲಿ. ಬೆನ್ನುಹುರಿಯ ಬಳಿ ಅರಿವಳಿಕೆ ಕೊಡುವ ವಿಧಾನವನ್ನು ಆಗಸ್ಟ್ ಬಿಯರ್ ಬಳಸಿದ್ದು 1898ರಲ್ಲಿ. ರಕ್ತ ಪೂರಣ, ಪ್ರತಿಜೀವಕ ಔಷಧಗಳು ಆನಂತರ ಬಂದವು. ಇವೆಲ್ಲ ಇದ್ದೂ ಅಕ್ಕನಿಗೆ ಮೂವತ್ತು ಕಿಲೊಮೀಟರ್ ದೂರವಾಯಿತು. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಿ ಮರಣ 2004–06ರಲ್ಲಿ 213 ಇದ್ದದ್ದು 2018–20ರ ವೇಳೆಗೆ 69ಕ್ಕೆ ಇಳಿದಿದ್ದರೆ, ಆ ಅಂತರ ಕಡಿಮೆಯಾದದ್ದು ಒಂದು ಕಾರಣ. ಆಶಾ ಕಾರ್ಯಕರ್ತೆ, ತಾಯಿ ಕಾರ್ಡ್, 2008ರ ನವೆಂಬರ್‌ನಿಂದ ಓಡಾಡುತ್ತಿರುವ 108 ವಾಹನ ಇವೆಲ್ಲ ಅದರಲ್ಲಿ ಪಾಲುದಾರರು. ನಮ್ಮ ಬೆಳಗಾವಿ ಜಿಲ್ಲೆಯೂ ಜಗತ್ತಿಗೆ ಒಂದು ಪಾಠ ಹೇಳಿದೆ. ಇಲ್ಲಿನ ಹಳ್ಳಿಗಳ 1,620 ತಾಯಂದಿರನ್ನು ಒಳಗೊಂಡು, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರೂ ಸೇರಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ಆರೋಗ್ಯ ಸಹಾಯಕಿ ನುಂಗಿಸುವ ಅಗ್ಗದ ಮಾತ್ರೆಯಿಂದ ಅತಿರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಹೆರಿಗೆಯಲ್ಲಿ ಜೀವ ಉಳಿಸುವುದು ಬಹುಮಟ್ಟಿಗೆ ಮುಂಚಿನ ಸಿದ್ಧತೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದಿನ ಗೊತ್ತುಮಾಡುವ ವಿಷಯದಲ್ಲಿ ಬೀಗರು ಪಂಚಾಂಗ ತೆರೆದರು. ವಿಜಯದಶಮಿಯಂದು ಒಳ್ಳೆಯ ಮುಹೂರ್ತವಿದೆ, ಅಂದೇ ಆಗಲಿ ಎಂದರು. ಮಗುವಿನ ಶ್ವಾಸಕೋಶ ಬಲಿಯಲು ಮೂವತ್ತೊಂಬತ್ತು ವಾರ ತುಂಬಬೇಕು, ತಾನು ಎಣಿಸುವುದು ಆ ತಿಥಿಯನ್ನು ಮಾತ್ರ ಎಂದು ವೈದ್ಯೆ ನಯವಾಗಿ ಹೇಳಿದರು. ಊರಲ್ಲಿ ಬನ್ನಿ ಹಂಚಿಕೊಂಡ ಮರುದಿನ, ಅಕ್ಟೋಬರ್ 6ರ ಗುರುವಾರ ಬೆಳಿಗ್ಗೆ ಮಗಳು ಶಸ್ತ್ರಚಿಕಿತ್ಸಾ ಕೊಠಡಿಗೆ ನಡೆದುಕೊಂಡೇ ಹೋದಳು.

ಒಳಗೆ ನಡೆದುದನ್ನು ಅವಳು ಅನಂತರ ಹೇಳಿದ್ದು ಹೀಗೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟ ಕೆಲವು ನಿಮಿಷಗಳಲ್ಲಿ ಎದೆಯ ಕೆಳಗೆ ಮರಗಟ್ಟಿತು. ಎಚ್ಚರ ಪೂರ್ತಿ ಇತ್ತು. ಅರಿವಳಿಕೆ ತಜ್ಞರು ತಲೆಯ ಬಳಿ ನಿಂತು ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ಹೇಳುತ್ತಿದ್ದರು: ಈಗ ಒತ್ತಿದಂತಾಗುತ್ತದೆ, ಈಗ ಎಳೆದಂತಾಗುತ್ತದೆ, ನೋವಾದರೆ ಹೇಳಿ. ನೋವಾಗಲಿಲ್ಲ. ಅಳು ಕೇಳಿಸಿತು. ಒರೆಸಿ ತಂದ ಮಗುವನ್ನು ಅವಳ ಎದೆಯ ಮೇಲಿಟ್ಟರು. ಹೊಲಿಗೆ ಹಾಕುತ್ತಿರುವಾಗಲೇ ಅದು ತಡಕಾಡಿ ಹಾಲಿಗೆ ಬಾಯಿಟ್ಟಿತು. ಹೆಣ್ಣುಮಗು, ಎರಡು ಕಿಲೊ ಒಂಬೈನೂರು ಗ್ರಾಂ. ಹೊರಗಿದ್ದ ನನಗೆ ಮುಕ್ಕಾಲು ಗಂಟೆ ಅರ್ಧ ದಿನವಾಗಿತ್ತು. ‘ಹೆದರಿಕೆ ಆಗಲಿಲ್ಲೇನವಾ?’ ಎಂದರೆ, ‘ಏನಾಗತೈತಿ ಅಂತ ಗೊತ್ತಿತ್ತಲ್ರೀ ಅಪ್ಪಾ’ ಎಂದಳು.

ಮಧ್ಯಾಹ್ನ ಗುಟುಕು ನೀರು, ಸಂಜೆ ಗಂಜಿ. ಮರುದಿನ ಬೆಳಿಗ್ಗೆ ಮೂತ್ರದ ನಳಿಕೆ ತೆಗೆದು ನಡೆಸಿದರು. ಮೊದಲ ಸಲ ಎದ್ದು ನಿಂತಾಗ ಹೊಲಿಗೆ ಹರಿದೀತೇನೋ ಎಂಬಷ್ಟು ನೋವಾಯಿತಂತೆ. ಇದನ್ನು ನಾನು ಮರೆಮಾಚಲಾರೆ. ಆದರೆ ನೋವನ್ನು ಸಹಿಸಿಕೋ ಎಂದು ಯಾರೂ ಹೇಳಲಿಲ್ಲ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟರು. ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದು, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುವುದು, ಮಗುವಿಗಿಂತ ಭಾರವಾದುದನ್ನು ಆರು ವಾರ ಎತ್ತದಿರುವುದು ಇವನ್ನೆಲ್ಲ ದಾದಿಯರು ಕಲಿಸಿದರು. ಬೇಗ ನಡೆದಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ ಎಂಬುದನ್ನೂ ವಿವರಿಸಿದರು. ನಾಲ್ಕನೆಯ ದಿನ ಮನೆಗೆ ಕಳುಹಿಸಿದರು.

ಮನೆಯಲ್ಲಿ ಬಾಣಂತನದ ಅಧಿಕಾರ ಚಿಗವ್ವನದು. ಅಗ್ಗಿಷ್ಟಿಗೆ, ಕಿವಿಗೆ ಹತ್ತಿ, ಮುಚ್ಚಿದ ಕಿಟಕಿ ಎಲ್ಲ ಸಿದ್ಧವಾಗಿದ್ದವು. ‘ಹಸಿ ಬಾಣಂತಿ ನೀರು ಕುಡದ್ರ ಹೊಟ್ಟಿ ಬರತೈತಿ’ ಎಂಬುದು ಅವಳ ಶಾಸನ. ನೀರು ಕುಡಿಯದಿದ್ದರೆ ಮಲಬದ್ಧತೆಯಾಗಿ ಮುಕ್ಕುವಾಗ ಹೊಲಿಗೆಗೆ ತ್ರಾಸು, ಹಾಲಿಗೂ ನೀರು ಬೇಕು ಎಂಬುದು ವೈದ್ಯೆಯ ಮಾತು. ಎರಡು ದಿನ ನಡೆದ ಈ ವ್ಯಾಜ್ಯವನ್ನು ನನ್ನ ಹೆಂಡತಿ ಬಗೆಹರಿಸಿದಳು. ಕುದಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ತುಂಬಿ ಚಿಗವ್ವನ ಕೈಗೇ ಕೊಟ್ಟು, ಕುಡಿಸುವ ಹೊಣೆಯನ್ನೂ ಅವಳಿಗೇ ವಹಿಸಿದಳು. ಕಿಟಕಿ ತೆರೆಯಿತು, ಅಗ್ಗಿಷ್ಟಿಗೆ ಪಡಸಾಲೆಗೆ ಹೋಯಿತು. ಅಂಟಿನ ಉಂಡೆ, ಅಳವಿ ಪಾಯಸಗಳಿಗೆ ಯಾರ ತಕರಾರೂ ಇರಲಿಲ್ಲ. ಹದಿಮೂರನೆಯ ದಿನ ತೊಟ್ಟಿಲು ಹಾಕಿದಾಗ ಮಗಳು ತಾನೇ ಮಗುವನ್ನೆತ್ತಿ ಮಲಗಿಸಿದಳು. ಆರನೆಯ ವಾರದ ತಪಾಸಣೆಗೆ ಹೋದಾಗ ಗಾಯ ಮಾಯ್ದು ತೆಳುವಾದ ಗೆರೆಯಾಗಿತ್ತು.

ಅವಳನ್ನು ನೋಯಿಸಿದ್ದು ಹೊಲಿಗೆಯಲ್ಲ, ಒಂದು ಪ್ರಶ್ನೆ. ನೋಡಲು ಬಂದವರೆಲ್ಲ ‘ನಾರ್ಮಲ್ ಆಗಲಿಲ್ಲೇನವಾ?’ ಎಂದು ಮರುಗುತ್ತಿದ್ದರು. ಒಂದು ಸಂಜೆ ಅವಳು ನನ್ನ ಬಳಿ, ‘ನಾನೇನು ಅಬ್‌ನಾರ್ಮಲ್ ಆಗಿ ಹಡದೇನ್ರೀ ಅಪ್ಪಾ?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ, ಏಕೆಂದರೆ ಬೇರೆ ಮಾತಿನಲ್ಲಿ ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಿದವನು ನಾನೇ. ಅನಗತ್ಯ ಸಿಸೇರಿಯನ್ ವಿರುದ್ಧ ನಾವು ಆಡುವ ಮಾತು ಅಗತ್ಯವಿದ್ದು ಮಾಡಿಸಿಕೊಂಡ ಹೆಣ್ಣಿನ ಮೇಲೆ ಹೊರೆಯಾಗಿ ಬೀಳುತ್ತದೆ ಎಂಬುದು ನನ್ನ ಅರಿವಿಗೆ ಬಂದದ್ದು ಆ ಸಂಜೆ.

ಅದೇ ವಾರ ನಮ್ಮ ಹಿಂದಿನ ಓಣಿಯ ಕೂಲಿಕಾರ ಹೆಣ್ಣುಮಗಳೊಬ್ಬಳಿಗೂ ಸಿಸೇರಿಯನ್ ಆಗಿತ್ತು. ಮೊದಲ ಮಗುವಿನದೂ ಸಿಸೇರಿಯನ್ನೇ. ಆದ್ದರಿಂದ ಈ ಸಲವೂ ದಿನ ನಿಗದಿಯಾಗಿತ್ತು. ರಾಬ್ಸನ್ ವರ್ಗೀಕರಣದಲ್ಲಿ ಅವಳದು ಐದನೆಯ ಗುಂಪು. ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಂದ ಒಂದು ಪೈಸೆ ಕೇಳಲಿಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ–ಶಿಶು ಸುರಕ್ಷಾ ಕಾರ್ಯಕ್ರಮದಡಿ ಶಸ್ತ್ರಚಿಕಿತ್ಸೆ, ಔಷಧ, ರಕ್ತ, ಸಿಸೇರಿಯನ್ ಆದವರಿಗೆ ಏಳು ದಿನಗಳವರೆಗೆ ಊಟ ಎಲ್ಲವೂ ಉಚಿತ. ‘ನಗು–ಮಗು’ ವಾಹನ ಅವಳನ್ನು ಮನೆಯ ಬಾಗಿಲಿಗೆ ತಂದು ಬಿಟ್ಟಿತು. ಎರಡು ವಾರಗಳಲ್ಲಿ ಅವಳೂ ನನ್ನ ಮಗಳಷ್ಟೇ ಚೇತರಿಸಿಕೊಂಡಿದ್ದಳು. ಸೇವೆಯಲ್ಲಿದ್ದಾಗ ಇಂಥ ಯೋಜನೆಗಳ ಹಣಕಾಸಿನ ಕಡತಗಳಿಗೆ ಸಹಿ ಹಾಕಿದ ನನಗೆ ಅದರಿಂದಾದ ಸಂತೋಷವನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಅಂತರ ಕಂಡದ್ದು ಆಮೇಲೆ. ಮೂವತ್ತೈದನೆಯ ದಿನ ಅವಳು ಗೋವಿನಜೋಳ ಮುರಿಯುವ ಕೂಲಿಗೆ ಹೋದಳು. ಸಂಜೆ ಸೊಂಟ ಹಿಡಿದುಕೊಂಡು ಬರುವುದನ್ನು ನಾನು ಕಟ್ಟೆಯಿಂದ ನೋಡಿದೆ. ನನ್ನ ಮಗಳಿಗೆ, 2017ರ ತಿದ್ದುಪಡಿಯ ಫಲವಾಗಿ, 26 ವಾರಗಳ ಸವೇತನ ರಜೆ ಇತ್ತು. ಹೊಟ್ಟೆಯ ಪದರಗಳು ಕೂಡಿಕೊಳ್ಳಲು ಇಬ್ಬರಿಗೂ ಬೇಕಾದ ಕಾಲ ಒಂದೇ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಕೂಲಿ ನಷ್ಟಕ್ಕೆ ಭಾಗಶಃ ಪರಿಹಾರವೆಂದು 2017ರಿಂದ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತಿದೆ. 2022ರಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಇವಳ ಎರಡನೆಯ ಮಗು ಗಂಡು. ಹೊಲಿಗೆಗೆ ಮಗು ಗಂಡೋ ಹೆಣ್ಣೋ ಎಂಬುದು ಗೊತ್ತಿರುವುದಿಲ್ಲ.

ಲೆಕ್ಕ ಕಠಿಣವೇನಲ್ಲ. ಉದ್ಯೋಗ ಖಾತರಿಯ ದಿನಗೂಲಿ 2024–25ರಲ್ಲಿ ಕರ್ನಾಟಕದಲ್ಲಿ 349 ರೂಪಾಯಿ ಇತ್ತು. ವಾರಕ್ಕೆ ಆರು ದಿನದಂತೆ ಆರು ವಾರಕ್ಕೆ 12,564 ರೂಪಾಯಿ. ಶಸ್ತ್ರಚಿಕಿತ್ಸೆ, ಔಷಧ, ವಾಹನಕ್ಕೆಂದು ಸರ್ಕಾರ ಈಗಾಗಲೇ ಖರ್ಚು ಮಾಡಿದೆ. ಆ ಖರ್ಚು ಪೂರ್ಣವಾಗಿ ಫಲಿಸಬೇಕಾದರೆ ಈ ಆರು ವಾರಗಳ ಕೂಲಿಯನ್ನೂ, ಎಷ್ಟನೆಯ ಮಗು, ಯಾವ ಮಗು ಎಂದು ಕೇಳದೆ, ತಾಯಿ ಕಾರ್ಡ್ ಆಧಾರದ ಮೇಲೆ ಖಾತೆಗೆ ಹಾಕಬೇಕು. ಹೆರಿಗೆಯಾದ 42 ದಿನಗಳ ಒಳಗೆ ಆಶಾ ಕಾರ್ಯಕರ್ತೆ ಹಲವು ಬಾರಿ ಮನೆಗೆ ಬರುತ್ತಾಳೆ. ಆ ಭೇಟಿಗಳು ಮುಖ್ಯವಾಗಿ ಶಿಶುವಿಗಾಗಿ. ತಾಯಿಯ ಗಾಯ, ನೋವು, ನಿದ್ದೆಯ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಆ ನಮೂನೆಗೆ ಸೇರಿಸಲು ಹೆಚ್ಚಿನ ಅನುದಾನವೂ ಬೇಕಾಗದು.

ಒಂದು ಒಳ್ಳೆಯ ಅನುಭವದಿಂದ ಸಿಸೇರಿಯನ್ ಎಲ್ಲರಿಗೂ ಒಳ್ಳೆಯದು ಎಂದು ಸಾರಲು ನಾನು ಹೊರಟಿಲ್ಲ. ಅದು ದೊಡ್ಡ ಶಸ್ತ್ರಚಿಕಿತ್ಸೆ. ರಕ್ತಸ್ರಾವ, ಸೋಂಕುಗಳ ಅಪಾಯ ಇದ್ದೇ ಇದೆ. ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಸಂಭವ ಪ್ರತಿ ಸಿಸೇರಿಯನ್‌ನಿಂದ ಹೆಚ್ಚುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ಸತ್ತರು. ಅವರಿಗೆ ನೀಡಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಬೇಕಾಯಿತು. ಆದುದರಿಂದ ಪ್ರತಿ ಆಸ್ಪತ್ರೆ, ಖಾಸಗಿಯಿರಲಿ ಸರ್ಕಾರಿಯಿರಲಿ, ಯಾವ ಗುಂಪಿನ ಎಷ್ಟು ಗರ್ಭಿಣಿಯರಿಗೆ ಏಕೆ ಸಿಸೇರಿಯನ್ ಮಾಡಿತು ಎಂಬುದನ್ನು ಪ್ರಕಟಿಸಬೇಕೆಂಬ ನನ್ನ ಹಳೆಯ ಒತ್ತಾಯ ಹಾಗೆಯೇ ಇದೆ. ಬದಲಾದದ್ದು ಇಷ್ಟೇ: ಆ ಪ್ರಶ್ನೆಯನ್ನು ನಾನು ಈಗ ಆಸ್ಪತ್ರೆಗೆ ಕೇಳುತ್ತೇನೆ, ಬಾಣಂತಿಗೆ ಕೇಳುವುದಿಲ್ಲ.

ಮೊಮ್ಮಗಳಿಗೆ ಮೂರು ತುಂಬಿದೆ. ರಜೆಗೆ ಬಂದಾಗಲೆಲ್ಲ ಮಲಪ್ರಭೆಯ ದಡಕ್ಕೆ ಕರೆದೊಯ್ಯುವಂತೆ ಹಟ ಮಾಡುತ್ತಾಳೆ. ತೊಟ್ಟಿಲ ದಿನ ಅವಳಿಗೆ ಯಾವ ಹೆಸರಿಡಬೇಕೆಂದು ಚರ್ಚೆಯಾದಾಗ, ಐವತ್ತನಾಲ್ಕು ವರ್ಷಗಳಿಂದ ಮನೆಯಲ್ಲಿ ಯಾರೂ ಉಚ್ಚರಿಸದಿದ್ದ ಹೆಸರೊಂದನ್ನು ಚಿಗವ್ವ ಮೆಲ್ಲಗೆ ಹೇಳಿದಳು. ಯಾರೂ ಬೇಡವೆನ್ನಲಿಲ್ಲ.